ಮೊಣಕಾಲೂರುವ ಮೊದಲು

ಕೆನಡಾದ ಕಿಚನರ್‌ನಿಂದ ಓದುಗರೊಬ್ಬರು ಬರೆದ ಪತ್ರದ ಸಾರ: “ಪ್ರತಿ ಶನಿವಾರ ನಾವು ಸೇಂಟ್ ಜೇಕಬ್ಸ್ ಸಂತೆಗೆ ಹೋಗುತ್ತೇವೆ. ಅಲ್ಲಿ ತರಕಾರಿ ಮಾರುವ ಹುಡುಗಿಗೆ ಹದಿನಾರಿರಬಹುದು; ಹಳೆಯ ರೀತಿಯಲ್ಲೇ ಬದುಕುವ ಮೆನೊನೈಟ್ ಎಂಬ ಕ್ರೈಸ್ತ ಪಂಗಡದವಳು. ಕೈಯಲ್ಲಿ ಫೋನಿಲ್ಲ, ಮುಖದಲ್ಲಿ ಬೇಸರವಿಲ್ಲ, ಲೆಕ್ಕವೆಲ್ಲ ಬಾಯಲ್ಲೇ. ನನ್ನ ಹದಿನೈದರ ಮಗ ಊಟಕ್ಕೆ ಕರೆದರೂ ತಲೆಯೆತ್ತುವುದಿಲ್ಲ. ಅವರಲ್ಲಿ ಮಕ್ಕಳನ್ನು ಒಂದು ವರ್ಷ ಲೋಕ ಸುತ್ತಲು ಬಿಟ್ಟು, ಆಮೇಲೆ ‘ನಮ್ಮ ದಾರಿ ಬೇಕೋ ಬೇಡವೋ’ ಎಂದು ಕೇಳುತ್ತಾರಂತೆ. ಅಷ್ಟು ಶಿಸ್ತು, ಅದರ ಜೊತೆಗೇ ಅಷ್ಟು ಸ್ವಾತಂತ್ರ್ಯ! ನಾವು ಅವರಿಂದ ಕಲಿಯಬಾರದೇ?”

ಸಂಪಾದಕರ ಉತ್ತರ:

ನಿಮ್ಮ ಮಾತಿನಲ್ಲಿ ನಿಜವಿರುವುದನ್ನು ಮೊದಲು ಒಪ್ಪಿಬಿಡುತ್ತೇನೆ. ಆ ಹುಡುಗಿಗೆ ಬರುವ ಕೆಲಸ ಸಣ್ಣದಲ್ಲ. ಬೇಸಿಗೆಯ ಕೊನೆಗೆ ಪೀಚ್ ಹಣ್ಣು ಬಂತೆಂದರೆ ಚಳಿಗಾಲಕ್ಕಾಗುವಷ್ಟನ್ನು ಭರಣಿಗೆ ತುಂಬುವುದು ಅವಳ ವಯಸ್ಸಿನವರ ಪಾಲಿಗೆ ಬರುತ್ತದೆ. ಹಣ್ಣನ್ನು ಕುದಿನೀರಿನಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಅದ್ದಿ ತಣ್ಣೀರಿಗೆ ಹಾಕಿದರೆ ಸಿಪ್ಪೆ ಜಾರಿ ಬರುತ್ತದೆ. ಎರಡು ಹೋಳು ಮಾಡಿ, ಓಟೆ ತೆಗೆದು, ಕೊಯ್ದ ಮುಖ ಕೆಳಗಾಗುವಂತೆ ಜೋಡಿಸಿ, ಬಿಸಿ ಪಾಕ ಸುರಿದು ಮೇಲೆ ಅರ್ಧ ಅಂಗುಲ ಖಾಲಿ ಬಿಡಬೇಕು. ಅಷ್ಟು ಜಾಗ ಬಿಡದಿದ್ದರೆ ಕುದಿಯುವಾಗ ಪಾಕ ಉಕ್ಕಿ ಬಾಯಂಚಿಗೆ ಅಂಟುತ್ತದೆ, ಮುಚ್ಚಳ ಕಚ್ಚಿಕೊಳ್ಳುವುದಿಲ್ಲ. ಹುಳಿಯಿರುವ ಹಣ್ಣಿಗೆ ಕುದಿನೀರಿನ ಹಂಡೆ ಸಾಕು. ಹುರುಳಿಕಾಯಿಗೆ ಸಾಲದು, ಏಕೆಂದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆ ತರುವ ಜೀವಾಣುವಿನ ಬೀಜಕಣ ಕುದಿನೀರಿಗೆ ಸಾಯುವುದಿಲ್ಲ. ಅದಕ್ಕೆ ಒತ್ತಡದ ಹಂಡೆಯಲ್ಲಿ ಸುಮಾರು 116 ಡಿಗ್ರಿ ಸೆಲ್ಸಿಯಸ್ ತಲುಪಲೇಬೇಕು. ಇಷ್ಟನ್ನೂ ಅವಳು ಪುಸ್ತಕ ತೆರೆಯದೆ ಮಾಡಬಲ್ಲಳು. ಅವಳ ಅಣ್ಣ ಬೆಳಕು ಹರಿಯುವ ಮೊದಲೇ ಹಾಲು ಕರೆದು, ಕುದುರೆಗೆ ಸಜ್ಜು ಬಿಗಿದು ನಿಲ್ಲಿಸಿರುತ್ತಾನೆ. ಇದು ಮೆಚ್ಚಬೇಕಾದದ್ದೇ.

ಆದರೆ ನೀವು ಶಿಸ್ತಿನ ಪಕ್ಕದಲ್ಲಿ ಸ್ವಾತಂತ್ರ್ಯವನ್ನು ತಂದು ಕೂರಿಸಿದ್ದೀರಲ್ಲ, ಅಲ್ಲಿ ನನ್ನ ತಕರಾರಿದೆ.

‘ಲೋಕ ಸುತ್ತುವ ವರ್ಷ’ ಎಂಬುದು ಟೀವಿಯವರು ಕಟ್ಟಿದ ಕಥೆ. ಆ ಕಥೆ ಹುಟ್ಟಿದ್ದು ರುಮ್‌ಸ್ಪ್ರಿಂಗಾ ಎಂಬ ಪದದಿಂದ. ಅದು ಅವರ ಆಡುನುಡಿಯಾದ ಪೆನ್ಸಿಲ್ವೇನಿಯಾ ಜರ್ಮನ್ ಮಾತು, ಓಡಾಡುವುದು ಎಂದಷ್ಟೇ ಅರ್ಥ. ಅದೇ ಮೂಲದ ಇನ್ನೊಂದು ಪಂಗಡವಾದ ಅಮಿಶರಲ್ಲೇ ಆಗಲಿ, ಕುದುರೆಗಾಡಿಯ ಮೆನೊನೈಟರಲ್ಲೇ ಆಗಲಿ, ಹದಿನಾರು ಹದಿನೇಳು ತುಂಬಿದವರು ಭಾನುವಾರ ಸಂಜೆ ಯಾರದೋ ಮನೆಯಲ್ಲಿ ಸೇರಿ ಕೀರ್ತನೆ ಹಾಡುತ್ತಾರೆ, ವಾಲಿಬಾಲ್ ಆಡುತ್ತಾರೆ, ಮನಸ್ಸು ಕೂಡಿದವರು ಒಂದೇ ಬಗ್ಗಿಯಲ್ಲಿ ಮನೆಗೆ ಮರಳುತ್ತಾರೆ. ಹೆಚ್ಚಿನವರಿಗೆ ಓಡಾಟವೆಂದರೆ ಇಷ್ಟೇ. ಬೆಳಗಾದರೆ ಮತ್ತೆ ಅದೇ ಕೊಟ್ಟಿಗೆ. ಎಷ್ಟೋ ಕುಟುಂಬಗಳಲ್ಲಿ 21 ತುಂಬುವವರೆಗೆ ದುಡಿದ ಕೂಲಿ ಅಪ್ಪನ ಕೈಗೇ ಹೋಗುತ್ತದೆ. ಕೈಯಲ್ಲಿ ಕಾಸಿಲ್ಲದವರು ಯಾವ ಲೋಕ ಸುತ್ತಿಯಾರು?

ನಿಜವಾದ ಘಟ್ಟ ಬರುವುದು ದೀಕ್ಷಾಸ್ನಾನದಲ್ಲಿ. ಆ ಮೊದಲು ಹಲವು ಭಾನುವಾರ ಪಾಠ ನಡೆಯುತ್ತದೆ. 1632ರಲ್ಲಿ ಡೋರ್ಡ್ರೆಖ್ಟ್ ಪಟ್ಟಣದಲ್ಲಿ ಒಪ್ಪಿದ ವಿಶ್ವಾಸ ಪ್ರಮಾಣದ 18 ವಿಧಿಗಳನ್ನು ಒಂದೊಂದಾಗಿ ವಿವರಿಸುತ್ತಾರೆ. 14ನೆಯದು ಯಾರ ಮೇಲೂ ಕೈಯೆತ್ತಬಾರದು ಎನ್ನುತ್ತದೆ, 15ನೆಯದು ಆಣೆ ಇಡಬಾರದು ಎನ್ನುತ್ತದೆ. 16 ಮತ್ತು 17 ತಪ್ಪಿ ನಡೆದವರನ್ನು ಸಭೆಯಿಂದ ಹೊರಹಾಕುವ, ದೂರವಿಡುವ ವಿಧಿಗಳು. ಆ ದಿನ ಹುಡುಗ ಹುಡುಗಿಯರು ಎಲ್ಲರೆದುರು ಮೊಣಕಾಲೂರುತ್ತಾರೆ. ಬಿಷಪ್ ಅವರ ತಲೆಯ ಮೇಲೆ ಎರಡೂ ಕೈ ಬೊಗಸೆ ಹಿಡಿಯುತ್ತಾನೆ. ಸಭೆಯ ಸೇವಕನಾದ ಡೀಕನ್ ಅದಕ್ಕೆ ನೀರು ಸುರಿಯುತ್ತಾನೆ, ಬೊಗಸೆ ಸಡಿಲಿಸಿದಾಗ ನೀರು ನೆತ್ತಿಗಿಳಿಯುತ್ತದೆ. ಆಮೇಲೆ ಕೈಹಿಡಿದು ಎಬ್ಬಿಸುತ್ತಾರೆ. ಹುಡುಗಿಯನ್ನು ಬಿಷಪ್‌ನ ಹೆಂಡತಿ ಮುತ್ತಿಟ್ಟು ಬರಮಾಡಿಕೊಳ್ಳುತ್ತಾಳೆ. ಮೊಣಕಾಲೂರುವ ಮೊದಲು ಊರು ಬಿಟ್ಟವರು ಬಹಿಷ್ಕಾರಕ್ಕೆ ಒಳಗಾಗುವುದಿಲ್ಲ, ಏಕೆಂದರೆ ಅವರಿನ್ನೂ ಮಾತು ಕೊಟ್ಟಿಲ್ಲ. ಊರಿದ ಮೇಲೆ ಬಿಟ್ಟರೆ ಅದು ಕೊಟ್ಟ ಮಾತಿಗೆ ತಪ್ಪಿದಂತೆ.

ಈ ಏರ್ಪಾಡಿನ ಮೂಲಕ್ಕೆ ಹೋದರೆ ನನಗೆ ಕೈಮುಗಿಯಬೇಕೆನಿಸುತ್ತದೆ. 1525ರ ಜನವರಿ 21ರಂದು ಜೂರಿಕ್‌ನಲ್ಲಿ, ಫೆಲಿಕ್ಸ್ ಮಾಂಜ್‌ನ ಮನೆಯಲ್ಲಿ, ಕಾನ್ರಾಡ್ ಗ್ರೇಬೆಲ್ ತನ್ನ ಜೊತೆಗಾರ ಬ್ಲಾರಾಕ್‌ಗೆ ದೀಕ್ಷೆಯ ನೀರೆರೆದ. ಮಾಂಜ್, ಗ್ರೇಬೆಲ್ ಇಬ್ಬರಿಗೂ ಆಗಿನ್ನೂ ಮೂವತ್ತು ತುಂಬಿರಲಿಲ್ಲ. ಹಸುಗೂಸಿಗೆ ನೀರು ಹಾಕಿದರೆ ಆಗಲಿಲ್ಲ, ತಿಳಿವಳಿಕೆ ಬಂದವನು ತಾನಾಗಿ ಹೂಂ ಎನ್ನಬೇಕು ಎಂಬುದು ಅವರ ವಾದ. ಅಷ್ಟಕ್ಕೇ ಜೂರಿಕ್‌ನ ಆಡಳಿತ 1527ರ ಜನವರಿ 5ರಂದು ಮಾಂಜ್‌ನನ್ನು ಕಟ್ಟಿ ಲಿಮ್ಮಟ್ ಹೊಳೆಯಲ್ಲಿ ಮುಳುಗಿಸಿ ಕೊಂದಿತು. ಡಚ್ಚರ ನಾಡಿನಲ್ಲಿ ಪಾದ್ರಿಯಾಗಿದ್ದ ಮೆನ್ನೊ ಸೈಮನ್ಸ್ 1536ರಲ್ಲಿ ತನ್ನ ಹುದ್ದೆ ಬಿಟ್ಟು ಈ ಜನರ ಜೊತೆ ನಿಂತ. ಮೆನೊನೈಟ್ ಎಂಬ ಹೆಸರು ಬಂದದ್ದು ಅವನಿಂದ. ಮಗುವಿನ ಪರವಾಗಿ ದೊಡ್ಡವರು ಹೂಂ ಅನ್ನಬಾರದು ಎಂದು ಪ್ರಾಣ ಕೊಟ್ಟವರ ವಂಶ ಇದು.

ಆ ಹೂಂಗೆ ಬೆಲೆ ಬರಬೇಕಾದರೆ ಊಹೂಂ ಅನ್ನುವ ದಾರಿ ತೆರೆದಿರಬೇಕಲ್ಲವೇ? ಆ ದಾರಿ ಮುಚ್ಚುವುದು ದೀಕ್ಷೆಯ ದಿನವಲ್ಲ, ಅದಕ್ಕೂ ಮೂರು ನಾಲ್ಕು ವರ್ಷ ಮೊದಲು. ಕುದುರೆಗಾಡಿಯ ಮೆನೊನೈಟರಲ್ಲಿ ಓದು 8ನೇ ತರಗತಿಗೆ, ಸುಮಾರು 14ರ ವಯಸ್ಸಿಗೆ, ನಿಲ್ಲುತ್ತದೆ. ಪಾಠ ಹೇಳುವ ಹುಡುಗಿಯೂ ಸಾಮಾನ್ಯವಾಗಿ ಅಷ್ಟೇ ಓದಿದವಳು. ಹದಿನೆಂಟಾಗುವಾಗ ಓರಗೆಯವರೆಲ್ಲ ಒಟ್ಟಿಗೆ ದೀಕ್ಷೆಗೆ ನಿಲ್ಲುತ್ತಾರೆ, ಹಿಂದುಳಿದವಳು ಎಲ್ಲರ ಕಣ್ಣಿಗೆ ಬೀಳುತ್ತಾಳೆ. ದೀಕ್ಷೆಯಾಗದೆ ಸಭೆಯಲ್ಲಿ ಮದುವೆಯೂ ಇಲ್ಲ. ಹುಡುಗನೊಬ್ಬ ಮನಸ್ಸಿಗೆ ಬಂದಿದ್ದರೆ ಅವಳು ಒಪ್ಪುತ್ತಿರುವುದು 18 ವಿಧಿಗಳಿಗೋ ಆ ಹುಡುಗನಿಗೋ, ಅವಳಿಗೇ ತಿಳಿಯದೆ ಹೋಗಬಹುದು.

ಈಗ ಆ ವಯಸ್ಸಿನವಳು ಹೊರಗೆ ಬಂದಳು ಎನ್ನಿ. ನಿಮ್ಮ ಒಂಟಾರಿಯೊದಲ್ಲಿ ಹೈಸ್ಕೂಲ್ ಡಿಪ್ಲೊಮಾಕ್ಕೆ 30 ಕ್ರೆಡಿಟ್ ಬೇಕು, ಒಂದೊಂದಕ್ಕೂ 110 ಗಂಟೆಯ ಪಾಠ. ಕೂಡಿಸಿದರೆ 3,300 ಗಂಟೆ. ಕೂಲಿಗೆ ಹೋಗಿ ಬಂದು ದಿನಕ್ಕೆ ಎರಡು ಗಂಟೆಯಂತೆ ವಾರಕ್ಕೆ ಆರು ದಿನ ಓದಿದರೆ ಐದು ವರ್ಷ ದಾಟುತ್ತದೆ. ವಯಸ್ಕರಿಗೆ ಹಿಂದಿನ ಅನುಭವ ನೋಡಿ ಕೆಲವು ಕ್ರೆಡಿಟ್ ಬಿಡುವ ಪದ್ಧತಿಯಿದೆ, ಭಾರ ಅಷ್ಟರಮಟ್ಟಿಗೆ ಇಳಿದೀತು. ಆದರೂ ಇರಲು ಮನೆ, ಕಾರು ಓಡಿಸುವ ಲೈಸೆನ್ಸ್, ಸಂಬಳ ಬೀಳಲು ಬ್ಯಾಂಕ್ ಖಾತೆ ಎಲ್ಲವನ್ನೂ ಅವಳು ಸೊನ್ನೆಯಿಂದ ಕೂಡಿಸಿಕೊಳ್ಳಬೇಕು. ಬಾಗಿಲಿಗೆ ಬೀಗ ಹಾಕಿಲ್ಲ, ನಿಜ. ಹೊಸಿಲಾಚೆಗೆ ಮೆಟ್ಟಿಲನ್ನೇ ಕಟ್ಟಿಲ್ಲ.

ಕಾನೂನಾದರೂ ಮಕ್ಕಳ ಮಾತು ಕೇಳಿತೇ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ 14, 15ರ ಮಕ್ಕಳನ್ನು ಹೈಸ್ಕೂಲಿಗೆ ಕಳಿಸದ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿತ್ತು. ಇಬ್ಬರು ಹಳೆಯ ಕಟ್ಟಳೆ ಬಿಡದ ಓಲ್ಡ್ ಆರ್ಡರ್ ಅಮಿಶರು, ಒಬ್ಬರು ಅಮಿಶ್ ಮೆನೊನೈಟ್ ಸಭೆಯವರು. 1972ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ತಂದೆಯರ ಪರ ತೀರ್ಪು ಕೊಟ್ಟಿತು. ಮೂವರು ಮಕ್ಕಳಲ್ಲಿ ಸಾಕ್ಷಿ ಕಟ್ಟೆಗೆ ಬಂದಿದ್ದವಳು ಒಬ್ಬಳೇ. ಉಳಿದಿಬ್ಬರಿಗೆ ಏನು ಬೇಕು ಎಂದು ಕೇಳದೆ ಅವರ ಪಾಲಿನ ತೀರ್ಪು ಬರೆಯುವುದು ಹೇಗೆ ಎಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ಡಗ್ಲಸ್. ಆ ಮಗುವಿಗೆ ಪಿಯಾನೋ ನುಡಿಸುವ, ಗಗನಯಾತ್ರಿಯಾಗುವ, ಕಡಲು ಶೋಧಿಸುವ ಆಸೆಯಿದ್ದರೆ ಎಂದು ಅವರು ಕೇಳಿದರು. ಅಂದು ಜೂರಿಕ್‌ನಲ್ಲಿ ನೀರೆರೆದುಕೊಂಡವರ ಮಾತಿಗೆ ಹತ್ತಿರವಿದ್ದದ್ದು ಡಗ್ಲಸ್‌ರ ಪ್ರಶ್ನೆ ಎಂದು ನಾನು ನಂಬಿದ್ದೇನೆ.

ಸರ್ಕಾರದ ಶಾಲೆ ಮಕ್ಕಳನ್ನು ತಮ್ಮಿಂದ ದೂರ ಮಾಡೀತೆಂಬ ಹಿರಿಯರ ಭಯ ಹುಸಿಯಲ್ಲ, ಅದನ್ನೂ ಹೇಳಬೇಕು. ನೀವಿರುವ ಊರಿನ ಹೆಸರು ಬರ್ಲಿನ್ ಎಂದಿತ್ತು. ಜರ್ಮನ್ ದ್ವೇಷದ ಗಾಳಿಯಲ್ಲಿ 1916ರಲ್ಲಿ ಅದನ್ನು ಅಳಿಸಿ ಕಿಚನರ್ ಮಾಡಿದರು. ಅದೇ ವರ್ಷ ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದಲ್ಲಿ ಶಾಲೆ ಕಡ್ಡಾಯ, ಇಂಗ್ಲಿಷೂ ಕಡ್ಡಾಯ ಎಂಬ ಕಾನೂನು ಬಂತು. ಜರ್ಮನ್‌ನಲ್ಲಿ ಪಾಠ ಹೇಳುತ್ತಿದ್ದ, ಓಲ್ಡ್ ಕಾಲನಿ ಎಂಬ ಬಿಗಿ ಪಂಗಡದ ಮೆನೊನೈಟರು 1922ರಲ್ಲಿ ಗಂಟುಮೂಟೆ ಕಟ್ಟಿ ಮೆಕ್ಸಿಕೊಗೆ ಹೊರಟರು. ಭಾಷೆಯ ಮೇಲೆ ಸರ್ಕಾರ ಕೈಯಿಟ್ಟರೆ ಎದೆಗೆ ಹೇಗೆ ಬಡಿಯುತ್ತದೆ ಎಂದು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಭಯಕ್ಕೆ ಬೆಲೆ ತೆತ್ತವರು ಹೆಣ್ಣುಮಕ್ಕಳು. ಅದೇ ಪಂಗಡದವರು ಮುಂದೆ ಬೊಲಿವಿಯಾಕ್ಕೂ ಹೋದರು. ಅಲ್ಲಿನ ಬಿಗಿ ವಸಾಹತುಗಳಲ್ಲಿ ಹುಡುಗರು ವ್ಯಾಪಾರಕ್ಕಾಗಿ ಅಷ್ಟಿಷ್ಟು ಸ್ಪ್ಯಾನಿಷ್ ಕಲಿಯುತ್ತಾರೆ, ಹುಡುಗಿಯರಲ್ಲಿ ಹೆಚ್ಚಿನವರಿಗೆ ಮನೆಮಾತಾದ ಪ್ಲಾಟ್‌ಡೀಚ್ ಬಿಟ್ಟು ಬೇರೆ ಬಾರದು. 2009ರಲ್ಲಿ ಮ್ಯಾನಿಟೋಬಾ ಎಂಬ ವಸಾಹತಿನಲ್ಲಿ ಒಂದು ಘೋರ ಕೃತ್ಯ ಹೊರಬಿತ್ತು. ಕೆಲವು ಗಂಡಸರು ದನಗಳಿಗೆ ಬಳಸುವ ಅರಿವಳಿಕೆಯನ್ನು ರಾತ್ರಿ ಮನೆಗಳೊಳಗೆ ಸಿಂಪಡಿಸಿ, ನೂರಕ್ಕೂ ಹೆಚ್ಚು ಹೆಂಗಸರು, ಎಳೆಯ ಹುಡುಗಿಯರ ಮೇಲೆ ವರ್ಷಗಟ್ಟಲೆ ಅತ್ಯಾಚಾರ ಮಾಡಿದ್ದರು. 2011ರಲ್ಲಿ ಶಿಕ್ಷೆಯಾಯಿತು. ತಮ್ಮದೇ ದೇಶದ ಪೊಲೀಸರ ಮುಂದೆ ತಮ್ಮ ಬಾಯಿಂದ ದೂರು ಹೇಳಲು ಆ ಹುಡುಗಿಯರಿಗೆ ಭಾಷೆಯಿರಲಿಲ್ಲ. ಒಂಟಾರಿಯೊದ ನಿಮ್ಮ ನೆರೆಯವರನ್ನು ಇವರೊಡನೆ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ, ಅಲ್ಲಿನ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಾರೆ. ಆದರೂ ಓದು ಎಂದರೆ ನೌಕರಿ ಮಾತ್ರವಲ್ಲ ಎಂದು ತಿಳಿಯಲು ಬೊಲಿವಿಯಾದ ಕಡೆ ನೋಡಲೇಬೇಕು.

ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಆ ಹುಡುಗಿಯಲ್ಲ, ಅವಳನ್ನು ನಾವು ಹೊಗಳುವ ರೀತಿ. ‘ಹೇಳಿದ ಮಾತು ಕೇಳುತ್ತಾಳೆ’ ಎನ್ನುವುದು ನಮ್ಮಲ್ಲಿ ಮಗುವಿಗೆ ಕೊಡುವ ದೊಡ್ಡ ಪ್ರಶಸ್ತಿ. ಅವಳ ಮಾತು ಯಾರು ಕೇಳಿದರು ಎಂದು ಯಾರೂ ವಿಚಾರಿಸುವುದಿಲ್ಲ. ಪ್ರವಾಸಿಗರು ಅವಳ ಟೊಪ್ಪಿಗೆಯ ಫೋಟೊ ತೆಗೆದುಕೊಂಡು ಹೋಗುತ್ತಾರೆ. ಪತ್ರಿಕೆಗಳು ಕುದುರೆಗಾಡಿಯ ಚಿತ್ರ ಹಾಕಿ ‘ನೆಮ್ಮದಿಯ ಬದುಕು’ ಎಂದು ಶೀರ್ಷಿಕೆ ಕೊಡುತ್ತವೆ. ಅಧಿಕಾರಿಗಳು ಹಿರಿಯರೊಡನೆ ಮಾತಾಡಿ ಕಡತ ಮುಚ್ಚುತ್ತಾರೆ. ದೂರದಲ್ಲಿ ಕೂತ ನಾವು ನಮ್ಮ ಮಕ್ಕಳ ಮೇಲಿನ ಸಿಟ್ಟಿಗೆ ಅವಳನ್ನು ಉದಾಹರಣೆ ಮಾಡಿಕೊಳ್ಳುತ್ತೇವೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ನಿಮ್ಮ ಮಗನ ವಿಷಯ. ಅವರಿಂದ ಕಲಿಯಲೇಬೇಕೆಂದರೆ ಕೈಕೆಲಸ ಕಲಿಯಿರಿ. ಪೀಚ್ ಕಾಲ ಬಂದಾಗ ಸಂತೆಯಿಂದ ಒಂದು ಬುಷೆಲ್ ತನ್ನಿ, 48 ಪೌಂಡ್ ತೂಗುತ್ತದೆ, ಸುಮಾರು ಒಂದು ಲೀಟರು ಹಿಡಿಯುವ ಕ್ವಾರ್ಟ್ ಭರಣಿ 16ರಿಂದ 24 ತುಂಬುತ್ತದೆ. ಜೊತೆಗೆ ಕೂರುತ್ತೀಯಾ ಎಂದು ಮಗನನ್ನು ಕೇಳಿ. ಒಲ್ಲೆ ಎಂದರೆ ಮುನಿಸಿಕೊಳ್ಳದೆ ನೀವೇ ಶುರು ಮಾಡಿ. ಎಷ್ಟು ಹೊತ್ತು ಕುದಿಸಬೇಕೆಂಬುದು ಊರಿನ ಎತ್ತರದ ಮೇಲಿದೆ, ನಿಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಅಡಿ ಮೇಲಿರುವುದರಿಂದ ಕೋಷ್ಟಕ ನೋಡಿ ನಿಮಿಷ ಹೆಚ್ಚಿಸಿಕೊಳ್ಳಿ. ಭರಣಿಗಳನ್ನು ಒಂದು ದಿನ ಅಲುಗಿಸದೆ ಬಿಟ್ಟು, ಮಾರನೆಯ ದಿನ ಮುಚ್ಚಳದ ನಡುವೆ ಬೆರಳಿನಿಂದ ಒತ್ತಿ. ಟಕ್ಕೆಂದು ಕುಣಿದರೆ ಅದು ಕಚ್ಚಿಲ್ಲ. ಅದನ್ನು ಫ್ರಿಜ್‌ನಲ್ಲಿಟ್ಟು ಆ ವಾರವೇ ತಿಂದು ಮುಗಿಸಿ.