ದೊಡ್ಡ ಪಕ್ಷವನ್ನೇ ಮೊದಲು ಕರೆಯಬೇಕೇ?

2018ರಲ್ಲಿ ಕರ್ನಾಟಕದಲ್ಲಿ 104 ಸ್ಥಾನದ ಬಿಜೆಪಿಯನ್ನು ರಾಜ್ಯಪಾಲರು ಸರ್ಕಾರ ರಚಿಸಲು ಮೊದಲು ಕರೆದದ್ದು ಸಂವಿಧಾನದ ನಿಯಮವೇ ಎಂದು ಕೇಳಿದ್ದೀರಿ. ಅಲ್ಲ. ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ ಎಂದಷ್ಟೇ 164ನೇ ವಿಧಿ ಹೇಳುತ್ತದೆ. ಅತಂತ್ರ ವಿಧಾನಸಭೆಯಲ್ಲಿ ಯಾರನ್ನು ಕರೆಯಬೇಕು ಎಂಬ ಸಾಲೇ ಅದರಲ್ಲಿಲ್ಲ.

ಕೇಂದ್ರ–ರಾಜ್ಯ ಸಂಬಂಧ ಪರಿಶೀಲಿಸಿದ ಸರ್ಕಾರಿಯಾ ಆಯೋಗ ಒಂದು ಕ್ರಮ ಸೂಚಿಸಿತ್ತು: ಮೊದಲು ಚುನಾವಣಾಪೂರ್ವ ಮೈತ್ರಿಕೂಟ, ಬಳಿಕ ಇತರರ ಬೆಂಬಲವಿರುವ ಅತಿದೊಡ್ಡ ಪಕ್ಷ, ಆಮೇಲೆ ಚುನಾವಣೋತ್ತರ ಮೈತ್ರಿ. ಬಿಜೆಪಿ ಹಿಡಿದದ್ದು ಇದರಲ್ಲಿ ಎರಡನೆಯದನ್ನೇ. ಆದರೆ 'ಇತರರ ಬೆಂಬಲವಿರುವ' ಎಂಬ ಮಾತನ್ನು ಜಾಣತನದಿಂದ ನುಂಗಿಬಿಟ್ಟರು ಅನ್ನೋದು ನನ್ನ ಅನಿಸಿಕೆ. ಕಾಂಗ್ರೆಸ್–ಜೆಡಿಎಸ್ ಕೈಜೋಡಿಸಿದ ಮೇಲೆ ಆ ಬೆಂಬಲ ಎಲ್ಲಿಂದ ಬರಬೇಕಿತ್ತು? ಹಿಂದಿನ ವರ್ಷ ಗೋವಾದಲ್ಲಿ 40ರಲ್ಲಿ 17 ಗೆದ್ದ ಕಾಂಗ್ರೆಸ್ಸನ್ನು ಬಿಟ್ಟು, 13 ಗೆದ್ದ ಬಿಜೆಪಿಗೆ ಅವಕಾಶ ಸಿಕ್ಕಿತ್ತು. ಅಲ್ಲೊಂದು ನ್ಯಾಯ, ಇಲ್ಲೊಂದು ನ್ಯಾಯ!

ಇನ್ನು ಲೆಕ್ಕ. ಮತದಾನ ನಡೆದದ್ದು 222 ಕ್ಷೇತ್ರಗಳಲ್ಲಿ. ಕುಮಾರಸ್ವಾಮಿ ರಾಮನಗರ, ಚನ್ನಪಟ್ಟಣ ಎರಡರಲ್ಲೂ ಗೆದ್ದಿದ್ದರಿಂದ ಸದನದಲ್ಲಿದ್ದ ಶಾಸಕರು 221 ಮಂದಿ, ಬಹುಮತಕ್ಕೆ 111. ಬಿಜೆಪಿಗಿದ್ದ ಏಳು ಶಾಸಕರ ಕೊರತೆ ಸಣ್ಣದಲ್ಲ.

ಬಹುಮತ ಸಾಬೀತಿಗೆ ರಾಜ್ಯಪಾಲರು ಕೊಟ್ಟದ್ದು 15 ದಿನ. ಸುಪ್ರೀಂ ಕೋರ್ಟ್ ಮೇ 19ಕ್ಕೇ ವಿಶ್ವಾಸಮತ ಕೇಳುವಂತೆ ಹೇಳಿತು; ಮತಕ್ಕೆ ಹಾಕುವ ಮೊದಲೇ ಬಿಜೆಪಿಯ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಘೋಷಿಸಿದರು. ಬಹುಮತ ಸಾಬೀತಾಗಬೇಕಾದದ್ದು ಸದನದಲ್ಲೇ, ರಾಜಭವನದಲ್ಲಲ್ಲ ಎಂದು 1994ರಲ್ಲೇ ಸ್ಪಷ್ಟಪಡಿಸಿದ ತೀರ್ಪು ನಮ್ಮವರೇ ಆದ ಮಾಜಿ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದ್ದು. ಸಿಕ್ಕರೆ ಅದನ್ನು ಓದಿ.