ಹತ್ತು ಲಕ್ಷ ಡಾಲರ್ ಎಲ್ಲಿ ಹೋಯಿತು?

ಧಾರವಾಡದ ಓದುಗರೊಬ್ಬರ ಪ್ರಶ್ನೆ: “ಅಮೆರಿಕದ ಜಾಬ್ರೇಕರ್ ಎಂಬ ರಾಕ್ ಬ್ಯಾಂಡಿಗೆ 1995ರಲ್ಲಿ ಹತ್ತು ಲಕ್ಷ ಡಾಲರ್ ಒಪ್ಪಂದ ಸಿಕ್ಕಿತು ಎಂದು ಬರೆದಿದ್ದೀರಿ. ಮರುವರ್ಷವೇ ಬ್ಯಾಂಡ್ ಒಡೆಯಿತು. ಕಂಪನಿ ಮೋಸ ಮಾಡಿತೇ?”

ಸಂಪಾದಕರ ಉತ್ತರ: ಮೋಸ ಎನ್ನಲಾಗದು. ಕರಾರೇ ಹಾಗಿರುತ್ತಿತ್ತು.

ಪತ್ರಿಕೆಗಳಲ್ಲಿ ಬರುತ್ತಿದ್ದ ಇಂಥ ಮೊತ್ತವನ್ನು ಒಂದೇ ಸಲ ಎಣಿಸಿ ಕೈಗೆ ಕೊಡುತ್ತಿರಲಿಲ್ಲ. ಕೊಟ್ಟದ್ದೂ ಸಂಬಳವಲ್ಲ, ಕಬ್ಬು ಕಡಿಯುವ ತಂಡಕ್ಕೆ ಕೊಡುವ ಹಾಗಿನ ಮುಂಗಡ. ಮುಂದೆ ಬರುವ ರಾಯಲ್ಟಿಯಲ್ಲಿ, ಅಂದರೆ ಮಾರಾಟದಲ್ಲಿ ಬ್ಯಾಂಡಿಗೆ ಸಲ್ಲುವ ಪಾಲಿನಲ್ಲಿ, ಮುರಿದುಕೊಳ್ಳುವ ದುಡ್ಡು. ಆ ಕಾಲದ ಮಾಮೂಲಿ ಕರಾರಿನ ಮೇಲೆ ಒಂದು ಲೆಕ್ಕ ಹಾಕೋಣ (ಅಂಕಿಗಳು ಮಾದರಿಗೆ ಮಾತ್ರ, ಜಾಬ್ರೇಕರ್‌ನವಲ್ಲ). ಮುಂಗಡ 3,00,000 ಡಾಲರ್. ಮ್ಯಾನೇಜರ್‌ಗೆ ಶೇ 15, ವಕೀಲರಿಗೆ ಶೇ 5, ರೆಕಾರ್ಡಿಂಗ್‌ಗೆ 1,50,000. ಉಳಿದ 90,000ವನ್ನು ಮೂವರು ಹಂಚಿಕೊಂಡು, ತೆರಿಗೆಯನ್ನೂ ಕಟ್ಟಿ, ಒಂದೂವರೆ ವರ್ಷ ದೂಡಬೇಕು.

ಇನ್ನು ತೀರಿಸುವ ಕಡೆ. ಸಿಡಿಯ ಬೆಲೆ 15 ಡಾಲರ್. ‘ಪ್ಯಾಕೇಜಿಂಗ್’ ಎಂದು ಕಾಲು ಭಾಗ ಕಳೆದರೆ 11.25. ಶೇ 12ರ ರಾಯಲ್ಟಿಯಲ್ಲಿ 3 ನಿರ್ಮಾಪಕನ ಪಾಲು. ಬ್ಯಾಂಡಿಗೆ ಉಳಿಯುವ ಶೇ 9ಕ್ಕೆ ಪ್ರತಿಯೊಂದಕ್ಕೆ ಒಂದು ಡಾಲರ್ ಚಿಲ್ಲರೆ. ಅಂಗಡಿಗಳಿಗೆ ‘ಉಚಿತ ಪ್ರತಿ’ ಎಂದು ನೂರಕ್ಕೆ 15 ಬಿಟ್ಟರೆ ಸುಮಾರು 86 ಸೆಂಟ್. ವಿಡಿಯೊ ಖರ್ಚಿನ ಅರ್ಧ, ಪ್ರವಾಸದ ಖರ್ಚು ಸೇರಿ ಸಾಲ 3,80,000ಕ್ಕೆ ಏರಿದ್ದರೆ ಅದು ತೀರಲು 4.4 ಲಕ್ಷ ಪ್ರತಿ ಹೋಗಬೇಕು. ಕಂಪನಿ ಹಾಕಿದ ದುಡ್ಡು ಅದಕ್ಕೆ ಬಹಳ ಮೊದಲೇ ವಾಪಸು ಬಂದಿರುತ್ತದೆ.

ಹಾಡು ಬರೆದವರಿಗೆ ಮೊದಲ ಪ್ರತಿಯಿಂದಲೇ ಸಿಗುವ ಹಣ ಬೇರೆ ಇದೆ. 1995ರಲ್ಲಿ ಅಮೆರಿಕದ ಕಾನೂನು ಗೊತ್ತುಮಾಡಿದ್ದ ದರ ಪ್ರತಿಯೊಂದಕ್ಕೆ, ಹಾಡೊಂದಕ್ಕೆ 6.6 ಸೆಂಟ್. ಹೊಸಬರ ಕರಾರಿನಲ್ಲಿ ಅದರ ಮುಕ್ಕಾಲು ಪಾಲು, ಅದೂ ಹತ್ತೇ ಹಾಡಿಗೆ. ಈ ಒಪ್ಪಂದದಡಿ ಬಂದ ಜಾಬ್ರೇಕರ್‌ನ ಆಲ್ಬಮ್ ‘ಡಿಯರ್ ಯು’ನಲ್ಲಿ ಹದಿಮೂರು ಹಾಡುಗಳಿವೆ. ಆ ಲೆಕ್ಕದಲ್ಲಿ ಮೂರು ಹಾಡು ಪುಕ್ಕಟೆ!

ಆದರೆ ಬ್ಯಾಂಡ್ ಮುರಿದದ್ದು ಲೆಕ್ಕದ ಪುಸ್ತಕದಿಂದಲ್ಲ. 1993ರ ಕೊನೆಯಲ್ಲಿ ದೊಡ್ಡ ಕಂಪನಿಯ ಹೆಸರಾಂತ ರಾಕ್ ಬ್ಯಾಂಡ್ ‘ನಿರ್ವಾಣ’ದ ಜೊತೆ ಆರು ಕಾರ್ಯಕ್ರಮ ಕೊಟ್ಟಾಗಲೇ ಹಳೆಯ ಅಭಿಮಾನಿಗಳು ಗೊಣಗಿದ್ದರು. ದೊಡ್ಡ ಕಂಪನಿಗೆ ಹೋಗುವುದಿಲ್ಲ ಎಂದು ಗಾಯಕ ಬ್ಲೇಕ್ ಶ್ವಾರ್ಟ್ಸೆನ್‌ಬಾಕ್ ವೇದಿಕೆಯಿಂದಲೇ ಮಾತು ಕೊಟ್ಟಿದ್ದರು. ಆಮೇಲೆ ಗೆಫೆನ್ ಎಂಬ ದೊಡ್ಡ ರೆಕಾರ್ಡ್ ಕಂಪನಿಯ ಡಿಜಿಸಿ ವಿಭಾಗಕ್ಕೆ ಸಹಿ ಹಾಕಿದರು. ಬ್ಯಾಂಡ್ ಇದ್ದ ಸ್ಯಾನ್ ಫ್ರಾನ್ಸಿಸ್ಕೊದ ಪಂಕ್ ವಲಯಕ್ಕೆ, ಅಂದರೆ ದೊಡ್ಡ ಕಂಪನಿಗಳನ್ನು ದೂರವಿಟ್ಟ ಬಿರುಸು ರಾಕ್ ಸಂಗೀತದವರಿಗೆ, ಅದು ಕ್ಷಮಿಸುವಂಥದ್ದಾಗಿರಲಿಲ್ಲ. ಹೊಸ ಹಾಡು ಶುರುವಾದರೆ ಕೆಲವರು ವೇದಿಕೆಗೆ ಬೆನ್ನು ತಿರುಗಿಸಿ ನೆಲದ ಮೇಲೆ ಕೂರುತ್ತಿದ್ದರು.

ಧ್ವನಿಯೂ ಬದಲಾಗಿತ್ತು. ಹಿಂದಿನ ಆಲ್ಬಮ್‌ನ ಬಹುಪಾಲು ಶಿಕಾಗೊದಲ್ಲಿ ರೆಕಾರ್ಡಿಂಗ್ ತಂತ್ರಜ್ಞ ಸ್ಟೀವ್ ಆಲ್ಬಿನಿ ಬಳಿ ಕೆಲವೇ ದಿನಗಳಲ್ಲಿ ಮುಗಿದಿತ್ತು. ‘ಡಿಯರ್ ಯು’ ನಿರ್ಮಾಪಕ ರಾಬ್ ಕವಾಲೊ. ಗ್ರೀನ್ ಡೇ ಬ್ಯಾಂಡನ್ನು ಮನೆಮಾತಾಗಿಸಿದ ‘ಡೂಕಿ’ ಆಲ್ಬಮ್ಮಿನ ನಿರ್ಮಾಣವೂ ಅವರದೇ. ಗಿಟಾರ್ ಪದರಪದರವಾಗಿ ದಪ್ಪಗಾಯಿತು. ಗಂಟಲಿನ ಗಂಟಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಬ್ಲೇಕ್ ಕಿರುಚುವುದನ್ನು ಬಿಟ್ಟು ಹತ್ತಿರದಿಂದ ಮೆಲ್ಲಗೆ ಹಾಡಿದರು. ಹಳಬರಿಗೆ ಇದು ನಯಗಾರಿಕೆ ಎನಿಸಿತು. ರೇಡಿಯೊ ಕೇಳುವವರಿಗೋ, ಇಷ್ಟು ಮಂಕು ಹಾಡು ಬೇಡವಾಗಿತ್ತು. ನಮ್ಮ ಮಟ್ಟಿಗೆ ಅದು ಅವರ ಅತ್ಯುತ್ತಮ ಆಲ್ಬಮ್. ಒಪ್ಪದವರು ಪತ್ರ ಬರೆಯಲಿ.

ಮಾರಾಟ ಕಂಪನಿ ಎಣಿಸಿದಷ್ಟು ಆಗಲಿಲ್ಲ. 1996ರ ಪ್ರವಾಸದಲ್ಲಿ ಬ್ಲೇಕ್ ಮತ್ತು ಬೇಸ್ ವಾದಕ ಕ್ರಿಸ್ ಬಾವರ್‌ಮೈಸ್ಟರ್ ಕೈಕೈ ಮಿಲಾಯಿಸಿದರು. ಅಲ್ಲಿಗೆ ಮುಗಿಯಿತು.

ಮುಂಗಡ ತೀರದಿದ್ದರೂ ಯಾರೂ ಜೇಬಿನಿಂದ ವಾಪಸು ಕೊಡಬೇಕಿಲ್ಲ. ಕರಾರಿನ ಒಳ್ಳೆಯ ಗುಣ ಇದೊಂದೇ. ಆದರೆ ಮಾಸ್ಟರ್ ಟೇಪು, ಅಂದರೆ ಪ್ರತಿ ತೆಗೆಯುವ ಮೂಲ ಧ್ವನಿಮುದ್ರಣ, ಕಂಪನಿಯ ವಶದಲ್ಲಿರುತ್ತದೆ. ಹಾಗಾಗಿ ‘ಡಿಯರ್ ಯು’ ವರ್ಷಗಟ್ಟಲೆ ಅಂಗಡಿಯಲ್ಲೇ ಇರಲಿಲ್ಲ. ಡ್ರಮ್ಮರ್ ಆಡಮ್ ಫಾಲರ್ ಪರವಾನಗಿ ಪಡೆದು ತಮ್ಮ ಬ್ಲ್ಯಾಕ್‌ಬಾಲ್ ಲೇಬಲ್‌ನಿಂದ 2004ರಲ್ಲಿ ಮತ್ತೆ ಹೊರತಂದರು. ಕೊಳ್ಳುವುದಿದ್ದರೆ ಅದನ್ನೇ ಹುಡುಕಿ. ಹಿಂದಿನ ಆಲ್ಬಮ್‌ನ ‘ಬಾಕ್ಸ್‌ಕಾರ್’ ಅದರಲ್ಲಿ ಹೊಸದಾಗಿ ನುಡಿಸಿದ ರೂಪದಲ್ಲಿದೆ. ಎರಡನ್ನೂ ಒಂದರ ಹಿಂದೊಂದು ಹಾಕಿ, ಗಾಯಕನ ಗಂಟಲನ್ನಷ್ಟೇ ಗಮನಿಸಿ.