ಸೋಮವಾರ ನೊಗ ಇಡಂಗಿಲ್ರಿ

ರಾಯಚೂರಿನ ಬಿಸಿಲು ನಲವತ್ತು ದಾಟಿದ್ದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆ ಹುಡುಗ ಸಮಾಲೋಚನೆಗೆಂದು ನನ್ನ ಬಳಿ ಬಂದ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ವಯಸ್ಸು 23. ಹಳ್ಳಿಯಲ್ಲಿ ಅಪ್ಪ, ಅವ್ವ, ತುಸು ಹತ್ತಿ ಹೊಲ. ಇವನು ಪಟ್ಟಣದಲ್ಲಿ ಅಣ್ಣನ ಮನೆಯಲ್ಲಿದ್ದು ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಿ ನಡೆಸಿದ್ದ.

"ಮೇಡಂ, ನಿದ್ದಿ ಬರವಲ್ದು. ಸುಮ್ಸುಮ್ನ ಸಿಟ್ಟು ಬರ್ತದ. ಓದಿದ್ದು ತಲ್ಯಾಗ ನಿಲ್ಲವಲ್ದು" ಅಂದ. ಅತ್ತಿಗೆ ಜುಲುಮೆ ಮಾಡಿ ಕಳಿಸಿದ್ದಳಂತೆ. ಕಾಲಿನ ಸುದ್ದಿ ಅವನ ಬಾಯಲ್ಲಿ ಬರಲೇ ಇಲ್ಲ. ಆದರೆ ಮೆಟ್ಟಿಲು ಹತ್ತುವಾಗ ಎಡಗಾಲು ಊರಲು ಹಿಂಜರಿದದ್ದನ್ನು ನಾನು ನೋಡಿದ್ದೆ.

ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಜಿಗಿತ, 7.26 ಕೆಜಿ ಗುಂಡು ಎಸೆತ ಬೇರೆ. ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ಮೀಸಲಾತಿ ಇರುವ ನಮ್ಮ ಭಾಗದಲ್ಲಿ ಈ ಹುದ್ದೆಗಳ ಮೇಲೆ ಎಷ್ಟೋ ಮನೆಗಳು ಆಸೆ ಇಟ್ಟುಕೊಂಡಿವೆ. ಹಿಂದಿನ ಸಲ ಅವನು ಕೆಲವೇ ಸೆಕೆಂಡಿನ ಅಂತರದಲ್ಲಿ ಫೇಲ್ ಆಗಿದ್ದ. ಅಂದಿನಿಂದ ನಸುಕಿನ ನಾಲ್ಕೂವರೆಗೆ ಒಮ್ಮೆ, ಸಂಜೆ ಒಮ್ಮೆ, ವಾರದ ಏಳೂ ದಿನ ಓಟ. ರಾತ್ರಿ ಒಂದರ ತನಕ ಓದು. ನಿದ್ದೆ ನಾಲ್ಕು ತಾಸು ಮುಟ್ಟಿದರೆ ಹೆಚ್ಚು. ಅದೂ ಕಾದ ಮಾಳಿಗೆಯ ಮೇಲೆ, ಸೊಳ್ಳೆಗಳ ನಡುವೆ.

ಚೀಲದಿಂದ ಒಂದು ಉದ್ದ ನೋಟ್‌ಬುಕ್ ತೆಗೆದ. ಬೆವರಿಗೆ ಮೂಲೆಗಳು ಮಡಚಿಹೋಗಿದ್ದವು. ದಿನಕ್ಕೊಂದು ಸಾಲು, ಕೆಂಪು ಪೆನ್ನಿನಲ್ಲಿ ಓಟದ ಸಮಯ. ಜನವರಿಯಲ್ಲಿ 6.24. ಫೆಬ್ರುವರಿಯಲ್ಲಿ 6.31. ಮಾರ್ಚ್ ಕೊನೆಗೆ 6.52. ವೇಗ ಕಡಿಮೆಯಾದಷ್ಟೂ ಅವನು ಓಟ ಹೆಚ್ಚಿಸಿದ್ದ; ಹೆಚ್ಚಿಸಿದಷ್ಟೂ ವೇಗ ಇನ್ನೂ ಹಿಂದೆ ಬಿದ್ದಿತ್ತು. ನಡುವೆ ಒಂದೇ ಒಂದು ಕಡೆ 6.17 ಎಂದಿತ್ತು. ಅದರ ಹಿಂದಿನ ಮೂರು ಸಾಲು ಖಾಲಿ.

"ಇವು ಮೂರು ದಿನ ಏನಾಗಿತ್ತು?"

"ಮಾವನ ಮಗಳ ಮದಿವಿ ಇತ್ರಿ, ಊರಿಗೆ ಹೋಗಿದ್ದೆ. ಓಡಿಲ್ಲ."

"ಬಂದ ಮೇಲೆ ಎಲ್ಲಕ್ಕಿಂತ ಚಲೋ ಓಡಿದ್ದೀಯಲ್ಲ?"

"ಅವತ್ತು ಗಾಳಿ ತಂಪಿತ್ರಿ ಮೇಡಂ."

ಉತ್ತರ ಅವನದೇ ಪುಸ್ತಕದಲ್ಲಿತ್ತು. ಅದನ್ನು ಗಾಳಿಗೆ ಕೊಡುವಷ್ಟು ಅವನು ವಿಶ್ರಾಂತಿಗೆ ಹೆದರಿದ್ದ.

ಕಾಲು ಎಲ್ಲಿ ನೋಯುತ್ತದೆ ಎಂದು ಕೇಳಿದೆ. ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದ ಎಲುಬಿನ ಮೇಲೆ ಒಂದೇ ಬೆರಳಿಟ್ಟು ತೋರಿಸಿದ. ಸ್ನಾಯುನೋವಾದರೆ ಅಂಗೈ ಅಗಲ ಸವರಿ ತೋರಿಸುತ್ತಾರೆ. ಒಂದು ಬೆರಳಿನಷ್ಟು ಜಾಗದಲ್ಲಿ, ಒತ್ತಿದರೆ ಜೀವ ಹೋದಂತೆ ನೋಯುವುದು ಎಲುಬಿನ ಸಣ್ಣ ಬಿರುಕಿನ ಲಕ್ಷಣವಿರಬಹುದು. ಅದು ನನ್ನ ಕೆಲಸವಲ್ಲ, ಎಲುಬಿನ ಡಾಕ್ಟರ ಕೆಲಸ, ಅಂದೇ ಕಳಿಸಿದೆ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಮೊದಲ ಎರಡು-ಮೂರು ವಾರ ಇಂಥ ಬಿರುಕು ಎಕ್ಸ್-ರೇಯಲ್ಲಿ ಕಾಣದೆ ಇರುವುದು ಸಾಮಾನ್ಯ. ಡಾಕ್ಟರು ಕೈಯಿಂದ ಪರೀಕ್ಷಿಸಿ ಆರು ವಾರ ಓಟ ಬಂದ್ ಎಂದರು. ಔಷಧಿ ಅಂಗಡಿಯ ನೋವಿನ ಗುಳಿಗೆ ನುಂಗಿ ಬಿಸಿಲಲ್ಲಿ ಓಡುತ್ತಿದ್ದ ವಿಷಯ ಆಗ ಹೊರಬಿತ್ತು. ನೀರಾರಿದ ಮೈಗೆ ಆ ಗುಳಿಗೆ ಮೂತ್ರಪಿಂಡಕ್ಕೆ ಕೆಡುಕು; ಮೇಲಾಗಿ ನೋವು ಕೊಡುವ ಎಚ್ಚರಿಕೆಯನ್ನೇ ಮುಚ್ಚಿಹಾಕುತ್ತದೆ.

ನಾನು ಶರೀರದ ಲೆಕ್ಕ ಬಿಡಿಸಿ ಹೇಳಿದೆ. ಓಡುವ ಹೊತ್ತಿನಲ್ಲಿ ಮೈ ಗಟ್ಟಿಯಾಗುವುದಿಲ್ಲ; ಆಗ ಸ್ನಾಯುಗಳಿಗೆ ಸಣ್ಣ ಪೆಟ್ಟಾಗುತ್ತದೆ, ಅವುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಇಂಧನ ಕರಗುತ್ತದೆ. ಸರಿಯಾಗಿ ಉಂಡರೂ ಅದು ಮತ್ತೆ ತುಂಬಲು ಸುಮಾರು 24 ತಾಸು ಬೇಕು. ಸ್ನಾಯುವಿನ ದುರಸ್ತಿಗೆ ಒಂದೆರಡು ದಿನ. ಎಲುಬು ಹಳೆಯ ಭಾಗವನ್ನು ಕರಗಿಸಿ ಹೊಸದನ್ನು ಕಟ್ಟಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಆ ನಡುವೆ ಅದು ಸೋತಿರುತ್ತದೆ. ಬೆಳವಣಿಗೆಯ ಹಾರ್ಮೋನ್ ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ಹುಡುಗ ಎಲ್ಲಕ್ಕೂ "ಹೌದ್ರಿ" ಅಂದ. ಅಂದು ಸಂಜೆಯೇ ಮೈದಾನಕ್ಕೆ ಹೋಗಿ ಓಡಿದ.

ಎರಡನೇ ಭೇಟಿಯಲ್ಲಿ ಪಾಠ ಬಿಟ್ಟು ಒಂದೇ ಪ್ರಶ್ನೆ ಕೇಳಿದೆ. ಹಗಲು ಮಲಗಿದರೆ ನಿನಗೆ ಏನನಿಸುತ್ತದೆ? ಬಹಳ ಹೊತ್ತು ಸುಮ್ಮನಿದ್ದ.

"ಅಣ್ಣ ಹನ್ನೆರಡು ತಾಸು ದುಡಿದು ಬರ್ತಾನ್ರಿ. ಅವನ ಮನ್ಯಾಗ ಉಂಡು, ನಾ ಕಾಲು ಚಾಚಿ ಮಲಗಿದ್ರ ಹ್ಯಾಂಗ ಕಾಣ್ತದ? ಕೂಳಿಗೆ ಬಂದಾನ ಅನ್ನಂಗಿಲ್ಲೇನ್ರಿ?"

ಅಲ್ಲಿತ್ತು ಗಂಟು. ಬೆವರು ಸುರಿಸುವುದು ಅವನಿಗೆ ಉಂಡ ಅನ್ನದ ಬಾಡಿಗೆ. ವಿಶ್ರಾಂತಿ ಬೇಕೆಂಬ ತಿಳಿವಳಿಕೆ ಅವನಿಗಿತ್ತು. ಅದನ್ನು ತೆಗೆದುಕೊಳ್ಳುವ ಹಕ್ಕು ತನಗಿದೆ ಎಂದು ಅನ್ನಿಸಿರಲಿಲ್ಲ. ಕೆಲಸ ಹುಡುಕುತ್ತಿರುವ ಎಷ್ಟೋ ಮಕ್ಕಳಲ್ಲಿ ಇದನ್ನು ಕಾಣುತ್ತೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಮುಂದಿನ ವಾರ ಅಣ್ಣ ಮತ್ತು ಅಪ್ಪನನ್ನು ಕರೆಸಿದೆ. ತಮ್ಮನ ಮಾತು ಕೇಳಿ ಅಣ್ಣನ ಮುಖ ಇಳಿದುಹೋಯಿತು. "ನಾ ಯಾವತ್ತರ ಹಂಗ ಅಂದೀನೇನೋ? ನೀ ಕುಂಟಕೋಂತ ಬರದು ನೋಡಿ ನಿಮ್ಮತ್ತಿಗಿ ಗಂಟಲಾಗ ತುತ್ತು ಇಳಿಯಂಗಿಲ್ಲ" ಅಂದ. ಟವೆಲ್ ಮಡಿಲಲ್ಲಿಟ್ಟುಕೊಂಡು ಕೂತಿದ್ದ ಅಪ್ಪ ಆ ತನಕ ತುಟಿ ಬಿಚ್ಚಿರಲಿಲ್ಲ. "ಸೋಮವಾರ ನಾವು ಎತ್ತಿನ ಹೆಗಲಿಗೆ ನೊಗ ಇಡಂಗಿಲ್ರಿ. ಬಸವಣ್ಣನ ದಿನ ಅದು. ಬಿತ್ತಿಗಿ ಎಷ್ಟೇ ಅವಸರ ಇರ್ಲಿ. ಇಂವ ಎತ್ತಿಗಿಂತ ಕಡಿ ಆದ್ನೇನು?" ಎಂದು ಕೇಳಿದರು. ಹುಡುಗ ತಲೆ ತಗ್ಗಿಸಿ ಅತ್ತ.

ಆಮೇಲೆ ವೇಳಾಪಟ್ಟಿ ಮಾಡುವುದು ಕಷ್ಟವಾಗಲಿಲ್ಲ. ನಾನು ಒಂದೇ ಹಟ ಹಿಡಿದೆ: ವಿಶ್ರಾಂತಿಯ ಸಾಲು ಖಾಲಿ ಬಿಡುವಂತಿಲ್ಲ, ಓಟದ ಹಾಗೆಯೇ ಅದನ್ನೂ ಕೆಂಪು ಪೆನ್ನಿನಲ್ಲಿ ಬರೆಯಬೇಕು. ಮೊದಲ ಆರು ವಾರ ಓಟವಿಲ್ಲ. ಡಾಕ್ಟರು ಒಪ್ಪಿದ, ಸೊಂಟದ ಮೇಲಿನ ಮೈಗೆ ವ್ಯಾಯಾಮವಷ್ಟೇ. ಆಮೇಲೆ ನಡಿಗೆ, ನಡಿಗೆಯ ನಡುವೆ ತುಸು ಓಟ. ಪೂರ್ತಿ ವಾಸಿಯಾದ ಮೇಲೆ ವಾರಕ್ಕೆ ಎರಡು ಸಲ ಮಾತ್ರ ಜೋರು ಓಟ, ಎರಡರ ನಡುವೆ ಕನಿಷ್ಠ 48 ತಾಸು ಅಂತರ. ಉಳಿದ ದಿನ ಗೆಳೆಯನ ಜೊತೆ ಮಾತಾಡುತ್ತ ಓಡಬಲ್ಲಷ್ಟು ಹಗುರ ಓಟ. ಸೋಮವಾರ ಪೂರ್ತಿ ರಜೆ. ರಾತ್ರಿ ಹತ್ತಕ್ಕೆ ಪುಸ್ತಕ, ಮೊಬೈಲ್ ಎರಡೂ ಬಂದ್, ನಿದ್ದೆ ಏಳು ತಾಸಿಗೆ ಕಡಿಮೆಯಿಲ್ಲ. ಅತ್ತಿಗೆ ಮಾಳಿಗೆಗೆ ಸೊಳ್ಳೆ ಪರದೆ ಕಟ್ಟಿಸಿದಳು, ರೊಟ್ಟಿ ಜೊತೆ ಹೆಸರುಕಾಳು, ಮೊಸರು, ಶೇಂಗಾ ಹಿಂಡಿ ಹೆಚ್ಚಿಸಿದಳು.

ಬೆಳಿಗ್ಗೆ ಹಾಸಿಗೆಯಲ್ಲೇ ಒಂದು ನಿಮಿಷ ನಾಡಿ ಎಣಿಸಲು ಕಲಿಸಿದೆ. ದಿನನಿತ್ಯಕ್ಕಿಂತ ಏಳೆಂಟು ಬಡಿತ ಹೆಚ್ಚಿದ್ದು ಮೈ ಭಾರವಾಗಿದ್ದರೆ ಅವತ್ತಿನ ಜೋರು ಓಟ ಮುಂದಕ್ಕೆ. ಜೋರಾಗಿ ವ್ಯಾಯಾಮ ಮಾಡಿದ ಮೇಲೆ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಕಾಯಬಾರದು, ಆಸ್ಪತ್ರೆಗೆ ಓಡಬೇಕು. ಇದನ್ನು ಅವನ ಜೊತೆ ಓಡುವ ಹುಡುಗರಿಗೂ ಹೇಳು ಎಂದೆ.

ಅವನಿಗೆ ಎಲ್ಲಕ್ಕಿಂತ ನಂಬಲು ಕಷ್ಟವಾದದ್ದು ಕೊನೆಯ ಮಾತು. ಪರೀಕ್ಷೆಗೆ ಎರಡು ವಾರ ಇರುವಾಗ ಓಟದ ದೂರವನ್ನು ಅರ್ಧಕ್ಕೆ ಇಳಿಸಬೇಕು, ವೇಗ ಮಾತ್ರ ಉಳಿಸಿಕೊಳ್ಳಬೇಕು. ಕೂಡಿಟ್ಟ ದಮ್ಮು ಹತ್ತು ದಿನದಲ್ಲಿ ಎಲ್ಲೂ ಹೋಗುವುದಿಲ್ಲ, ದಣಿವಷ್ಟೇ ಹೋಗುತ್ತದೆ.

ಸೆಪ್ಟೆಂಬರ್‌ನಲ್ಲಿ ನೋಟ್‌ಬುಕ್ ತಂದು ತೋರಿಸಿದ. ಕೊನೆಯ ಸಾಲಿನಲ್ಲಿ 6.12 ಇತ್ತು. ಹುದ್ದೆಯ ಕರೆ ಇನ್ನೂ ಬಂದಿಲ್ಲ, ಅದರ ಚಿಂತೆ ಇದ್ದೇ ಇದೆ. ತಿಂಗಳಿಗೊಮ್ಮೆ ಬರುವುದನ್ನು ಮುಂದುವರಿಸಿದ್ದೇವೆ. ಹಾಳೆ ತಿರುವುವಾಗ ಸೋಮವಾರಗಳನ್ನು ನೋಡಿದೆ. ಪ್ರತಿ ಸೋಮವಾರದ ಎದುರು ಕೆಂಪಕ್ಷರದಲ್ಲಿ ಒಂದೇ ಮಾತು ಬರೆದಿದ್ದ: "ಹೂಡಿಲ್ಲ."